ರೋಸ್‌ಮೇರಿಗೆ ನೀರು ಹಾಕುವಾಗ ಕೈ ಬಿಗಿ ಇರಲಿ

ಬೆಳಿಗ್ಗೆ ತುಳಸಿಗೆ ಒಂದು ಚೊಂಬು ನೀರು ಹಾಕುವುದು ನಮಗೆಲ್ಲ ರೂಢಿ. ಅದೇ ಜೋರಿನಲ್ಲಿ ಪಕ್ಕದ ರೋಸ್‌ಮೇರಿಗೂ ದಿನಾ ಹುಯ್ದರೆ ಗಿಡ ಉಳಿಯುವುದಿಲ್ಲ. ಅದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಕಲ್ಲುಗುಡ್ಡಗಳ ಗಿಡ. ಬಿಸಿಲು ತಡೆಯುತ್ತದೆ, ಬೇರು ನೆನೆದರೆ ತಡೆಯುವುದಿಲ್ಲ.

ಅದಕ್ಕೇ ಮೈಸೂರಿನಲ್ಲಿ ದಸರಾ ಮುಗಿದು ಮಳೆ ಕಡಿಮೆಯಾದ ಮೇಲೆ ನೆಡಿ. ಬೀಜದ ಗೋಜು ಬೇಡ, ಮೊಳೆಯುವುದೇ ಕಷ್ಟ. ಗುರುತಿನವರ ಮನೆಯಲ್ಲಿ ಗಿಡ ಇದ್ದರೆ ಗೇಣಿಗಿಂತ ಚಿಕ್ಕದಾದ ಎಳೆಯ ಕಡ್ಡಿ ಕೇಳಿ ತನ್ನಿ. ಕೆಳಗಿನ ಅರ್ಧ ಎಲೆ ಸವರಿ, ಒದ್ದೆ ಮರಳಿಗೆ ಚುಚ್ಚಿ ನೆರಳಲ್ಲಿಡಿ. ಬೇರು ಬರಲು ತಿಂಗಳಾದರೂ ಬೇಕು. ಬಂತೇ ಅಂತ ಕಿತ್ತು ನೋಡುವ ಚಟ ಮಾತ್ರ ಬೇಡ.

ಕುಂಡ ಮಣ್ಣಿನದೇ ಇರಲಿ, ತಳದಲ್ಲಿ ತೂತು ಇರಲೇಬೇಕು. ಕೆಮ್ಮಣ್ಣಿಗೆ ಅರ್ಧದಷ್ಟು ದಪ್ಪ ಮರಳು, ಒಂದು ಹಿಡಿ ಎರೆಗೊಬ್ಬರ ಸಾಕು. ಗೊಬ್ಬರ ಜಾಸ್ತಿಯಾದರೆ ಗಿಡ ಸೊಂಪಾಗಿ ಬೆಳೆದರೂ ಘಮ ಕಡಿಮೆ. ಮಂಡ್ಯದ ಕಡೆ ನಾಲೆ ಬಯಲಿನ ಜಿಗುಟು ಮಣ್ಣಲ್ಲಿ ನೇರ ನೆಡಬೇಡಿ, ಏರು ಮಡಿ ಮಾಡಿ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಲಿ. ಬೆರಳು ಮಣ್ಣಿಗೆ ಇಳಿಸಿ, ಒಂದು ಅಂಗುಲ ಒಣಗಿದ್ದರೆ ಮಾತ್ರ ನೀರು. ಹಾಗಂತ ಪೂರ್ತಿ ಮರೆಯಲೂ ಬೇಡಿ. ಇದು ತುಳಸಿಯಂತೆ ಜೋತು ಬಿದ್ದು ಬಾಯಾರಿಕೆ ಹೇಳುವುದಿಲ್ಲ, ಎಲೆ ಒಣಗಿದ್ದು ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಮಳೆಗಾಲದಲ್ಲಿ ಕುಂಡವನ್ನು ಸಜ್ಜೆ ಕೆಳಗೆ, ಗಾಳಿ ಆಡುವ ಕಡೆ ಇಡಿ. ಗಾಳಿ ಇಲ್ಲದಿದ್ದರೆ ಎಲೆ ಮೇಲೆ ಬೂದಿ ರೋಗ ಬರುತ್ತದೆ.

ಕೊಯ್ಯುವ ವಿಷಯದಲ್ಲಿ ಅವಸರ ಬೇಡ. ಗಿಡ ಚೆನ್ನಾಗಿ ಬೇರೂರಿ ಪೊದೆಯಾಗಲಿ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುಂಚೆ ತುದಿಯ ಹಸಿರು ಕಡ್ಡಿಗಳನ್ನು ಕತ್ತರಿಯಿಂದ ಕತ್ತರಿಸಿ. ಒಂದೇ ಸಲಕ್ಕೆ ಮೂರನೇ ಒಂದು ಭಾಗ ದಾಟಬೇಡಿ. ಕೆಳಗೆ ಎಲೆಯಿಲ್ಲದೆ ಕಟ್ಟಿಗೆಯಾದ ಜಾಗಕ್ಕೆ ಕತ್ತರಿ ಹಾಕಿದರೆ ಅಲ್ಲಿ ಮತ್ತೆ ಚಿಗುರುವುದು ಅಪರೂಪ. ತುದಿ ಕೊಯ್ದಷ್ಟೂ ಪಕ್ಕದಿಂದ ಕವಲೊಡೆಯುತ್ತದೆ, ನಮಗೂ ಲಾಭ ಅಲ್ವಾ?

ಒಣಗಿಸುವುದಾದರೆ ಸಣ್ಣ ಕಟ್ಟು ಕಟ್ಟಿ ನೆರಳಲ್ಲಿ ತಲೆಕೆಳಗಾಗಿ ನೇತುಹಾಕಿ. ಬಿಸಿಲಿಗೆ ಹರವಿದರೆ ಘಮವೆಲ್ಲ ಹೋಗುತ್ತದೆ. ಎಲೆ ಗರಿಗರಿಯಾದ ಮೇಲೆ ಉದುರಿಸಿ ಗಾಜಿನ ಬಾಟಲಿಗೆ ತುಂಬಿ. ಆಲೂಗಡ್ಡೆ ಹುರಿಯುವಾಗ ಒಂದು ಚಿಟಿಕೆ ಸಾಕು, ಜಾಸ್ತಿ ಹಾಕಿದರೆ ಕಹಿ. ತಲೆಗೆ ಹಚ್ಚಲು ಕೊಬ್ಬರಿ ಎಣ್ಣೆಗೆ ಹಾಕುವವರು ಒಣಗಿದ ಎಲೆಯನ್ನೇ ಹಾಕಿ. ಹಸಿ ಎಲೆಯ ನೀರಿನಂಶಕ್ಕೆ ಎಣ್ಣೆ ಬೇಗ ಕೆಡುತ್ತದೆ.