ಸ್ಟೇಷನ್ ಹತ್ತಿರವೇ ಇತ್ತು, ದಾರಿ ಇರಲಿಲ್ಲ

ಉಪನಗರ ರೈಲಿನ ಒಂದು ಸ್ಟೇಷನ್‌ಗೆ ಜನ ಸುಲಭವಾಗಿ ಬಂದು ಹೋಗುವ ಹಾಗೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕೈಗೆ ಕೊಟ್ಟ ಫೈಲಿನಲ್ಲಿ ಪರಿಹಾರವನ್ನೂ ಆಗಲೇ ಬರೆದಿಟ್ಟಿದ್ದರು: ಇನ್ನೆರಡು ಫೀಡರ್ ಬಸ್ಸು, ಅಂದರೆ ಸುತ್ತಲಿನವರನ್ನು ಸ್ಟೇಷನ್‌ಗೆ ತಂದು ಬಿಡುವಂಥವು, ಜೊತೆಗೆ ಒಂದು ದೊಡ್ಡ ಕಾರ್ ಪಾರ್ಕಿಂಗ್. ದುಡ್ಡು ಮಾತ್ರ ಇರಲಿಲ್ಲ. ಇಲ್ಲದಿದ್ದದ್ದೇ ಒಳ್ಳೆಯದಾಯಿತು.

ಮೊದಲ ವಾರ ಬೆಳಿಗ್ಗೆ ಏಳಕ್ಕೆ ಸ್ಟೇಷನ್ ಬಾಗಿಲಲ್ಲಿ ಸುಮ್ನೆ ನಿಂತು ಬರುವವರ ಕಾಲು ನೋಡಿದೆ. ಎಷ್ಟೋ ಜನರ ಶೂಗೆ ಹಸಿ ಕೆಸರು. ಸುತ್ತಲೂ ಡಾಂಬರು ರಸ್ತೆ, ಮತ್ತೆ ಕೆಸರು ಎಲ್ಲಿಂದ ಬಂತು? ಸಂಜೆ ರೈಲು ಇಳಿದವರ ಹಿಂದೆಯೇ ನಡೆದೆ. ಸ್ಟೇಷನ್ ಪಕ್ಕದ ಬೇಲಿಯಲ್ಲಿ ಎರಡು ಸರಳು ಬಾಗಿದ್ದವು. ಅಲ್ಲಿ ನುಸುಳಿದರೆ ಖಾಲಿ ಜಾಗ, ಹುಲ್ಲು ಸವೆದು ಆದ ಕಾಲುದಾರಿ. ನೀರು ನಿಲ್ಲುವ ಕಡೆ ಯಾರೋ ನಾಲ್ಕು ಸಿಮೆಂಟ್ ಇಟ್ಟಿಗೆ ಇಟ್ಟಿದ್ದರು, ಹೆಜ್ಜೆಗೊಂದು. ಮೂರನೆಯದು ಅಲ್ಲಾಡುತ್ತಿತ್ತು. ದಿನಾ ಓಡಾಡುವವರು ಅದನ್ನು ಬಿಟ್ಟು ನಾಲ್ಕನೆಯದಕ್ಕೆ ಕಾಲಿಡುತ್ತಿದ್ದರು. ನನಗೆ ಗೊತ್ತಿರಲಿಲ್ಲ. ಮೊಣಕಾಲಿನವರೆಗೆ ಕೆಸರು.

ಮಾರನೆಯ ದಿನ ಅಳತೆ ಗಾಲಿ ತಂದೆ. ಆ ಕಾಲುದಾರಿಯಲ್ಲಿ ಹೋದರೆ ಆಚೆಯ ಮನೆಗಳು 380 ಮೀಟರ್. ಸರಿಯಾದ ರಸ್ತೆಯಲ್ಲಿ ಸುತ್ತಿ ಹೋದರೆ 1,150. ನಮ್ಮ ಕೆಲಸದಲ್ಲಿ 400 ಮೀಟರ್ ಅಂದರೆ ಐದು ನಿಮಿಷ, 800 ಅಂದರೆ ಹತ್ತು ನಿಮಿಷದ ನಡಿಗೆ ಅಂತ ಲೆಕ್ಕ. ನಕ್ಷೆಯ ಮೇಲೆ ಕೈವಾರ ಇಟ್ಟು ವೃತ್ತ ಎಳೆದುಬಿಡುತ್ತೇವೆ. ಕೈವಾರಕ್ಕೆ ಕಾಂಪೌಂಡ್ ಗೋಡೆ ಕಾಣುತ್ತದಾ? ಫೈಲಿನಲ್ಲಿ ಆ ಮನೆಗಳೆಲ್ಲ 'ನಡಿಗೆಯ ದೂರದಲ್ಲಿ' ಇದ್ದವು.

ಬೇಲಿಯಿಂದ ಸ್ವಲ್ಪ ಮುಂದೆ ಗೋಡೆಯಲ್ಲೇ ಒಂದು ಹಳೇ ಗೇಟು ಇತ್ತು. ತುಕ್ಕು ಹಿಡಿದ ಬೀಗ. ಕೀ ಯಾರ ಹತ್ತಿರ ಇದೆ ಅಂತ ಕೇಳಿಕೊಂಡು ಮೂರು ಕಚೇರಿ ಅಲೆದೆ. ಗೋಡೆ ಒಬ್ಬರದು, ಜಾಗ ಇನ್ನೊಬ್ಬರದು, ದೀಪದ ಕಂಬ ಮತ್ತೊಬ್ಬರದು. ಒಪ್ಪಿಗೆಗೆ ಏಳು ತಿಂಗಳು ಹಿಡಿಯಿತು. ಬೀಗ ಒಡೆದು, ಜಲ್ಲಿ ಹಾಕಿ, ಕಲ್ಲು ಹಾಸುವುದಕ್ಕೆ ನಾಲ್ಕು ದಿನ.

ಬಸ್ಸಿನ ಕತೆ ಬೇರೆ. ಅಲ್ಲಿ ಗೋಡೆ ಇದ್ದದ್ದು ಟೈಮ್‌ಟೇಬಲ್‌ನಲ್ಲಿ. ರೈಲು 15 ನಿಮಿಷಕ್ಕೊಂದು, ಬಸ್ಸು 20 ನಿಮಿಷಕ್ಕೊಂದು. ಕಾಗದದ ಮೇಲೆ ಎರಡೂ ಚೆನ್ನಾಗಿ ಕಾಣುತ್ತವೆ, ಅಲ್ವಾ? ಲೆಕ್ಕ ಹಾಕಿ ನೋಡಿ. ಎರಡೂ ಸೇರುವುದು ಗಂಟೆಗೆ ಒಂದೇ ಸಲ. ಮುಂದಿನ ರೈಲಿನವರು 5 ನಿಮಿಷ ಜಾಸ್ತಿ ಕಾಯಬೇಕು, ಅದರ ಮುಂದಿನವರು 10, ಆಮೇಲಿನವರು 15. ನಿಂತು ಕಾಯುವ ಹತ್ತು ನಿಮಿಷ, ಕೂತು ಹೋಗುವ ಹತ್ತು ನಿಮಿಷಕ್ಕಿಂತ ಎಷ್ಟೋ ಉದ್ದ.

ಹೋಗಲಿ, ಆ ಒಂದು ಬಸ್ಸಾದರೂ ಸಿಗುತ್ತದಾ ಅಂತ ಸ್ಟಾಪ್‌ವಾಚ್ ಹಿಡಿದು ಕೊನೆಯ ಬೋಗಿಯಿಂದ ಇಳಿದೆ. ಮೆಟ್ಟಿಲ ಹತ್ತಿರ ನೂಕುನುಗ್ಗಲು. ಬಸ್ ಸ್ಟಾಪ್ ಮುಟ್ಟುವ ಹೊತ್ತಿಗೆ 4 ನಿಮಿಷ 10 ಸೆಕೆಂಡ್. ಬಸ್ಸು ಹೊರಡುವುದು ರೈಲು ಬಂದ ಎರಡು ನಿಮಿಷಕ್ಕೆ. ಕನ್ನಡಿಯಲ್ಲಿ ಓಡಿಬರುವವರು ಕಾಣುವುದಿಲ್ಲವಾ ಅಂತ ಡ್ರೈವರನ್ನು ಕೇಳಿದೆ.

"ಕಾಣ್ತಾರೆ ಮೇಡಂ. ನಿಂತ್ರೆ ಲೇಟು ಅಂತ ಬರೀತಾರೆ. ಬಿಟ್ಟು ಹೋದ್ರೆ ಯಾರೂ ಏನೂ ಬರೆಯಲ್ಲ."

ಹೊಸ ಬಸ್ಸು ಸಿಗುವ ಹಾಗಿರಲಿಲ್ಲ. ಇದ್ದದ್ದು ಎರಡು. ವಿಶ್ರಾಂತಿ ಸೇರಿ ಒಂದು ಸುತ್ತಿಗೆ 40 ನಿಮಿಷ, ಅದಕ್ಕೇ 20 ನಿಮಿಷಕ್ಕೊಂದು. ಸುತ್ತು 30ಕ್ಕೆ ಇಳಿದರೆ ಅದೇ ಎರಡು ಬಸ್ಸಿನಲ್ಲಿ 15 ನಿಮಿಷಕ್ಕೊಂದು ಓಡಿಸಬಹುದು. ರೂಟಿನ ಮಧ್ಯೆ ಒಂದು ಬಡಾವಣೆಯೊಳಗೆ ಹೋಗಿ ಬರುವ ಸುತ್ತು ಇತ್ತು. ಅದನ್ನು ತೆಗೆದೆವು. ಹೊರಡುವ ಸಮಯವನ್ನು ರೈಲು ಬಂದ ಐದು ನಿಮಿಷಕ್ಕೆ ಇಟ್ಟೆವು. ಸಂಜೆ ರೈಲು ತಡವಾದರೆ ಮೂರು ನಿಮಿಷ ಕಾಯಬೇಕು, ಅದಕ್ಕಿಂತ ಜಾಸ್ತಿ ಬೇಡ, ಮುಂದಿನ ಸ್ಟಾಪ್‌ಗಳಲ್ಲೂ ಜನ ನಿಂತಿರುತ್ತಾರೆ. ಈ ಮೂರು ನಿಮಿಷವನ್ನು ಡ್ರೈವರ್ ಲೆಕ್ಕಕ್ಕೆ 'ಲೇಟು' ಅಂತ ಹಿಡಿಯಬಾರದು ಎಂದು ಬರಹದಲ್ಲೇ ಬರೆಸಿಕೊಂಡೆ. ಆ ಒಂದು ಸಾಲಿಲ್ಲದಿದ್ದರೆ ಉಳಿದದ್ದೆಲ್ಲ ದಂಡ.

ಬಡಾವಣೆಯ ವಯಸ್ಸಾದವರಿಗೆ ಮಾತ್ರ ಕಷ್ಟವಾಯಿತು. ಅವರ ಸ್ಟಾಪ್ 300 ಮೀಟರ್ ದೂರ ಹೋಯಿತು. ಒಬ್ಬ ಅಜ್ಜಿ ಸಭೆಯಲ್ಲೇ ಕೇಳಿದರು, "ನಿಮ್ಮ ಹತ್ತು ನಿಮಿಷ ಉಳಿಸೋಕೆ ನನ್ನ ಮೊಣಕಾಲು ಬೇಕಿತ್ತಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ರೈಲು ಕಡಿಮೆ ಇರುವ ಮಧ್ಯಾಹ್ನದ ಟ್ರಿಪ್‌ಗಳಿಗೆ ಹಳೇ ಸುತ್ತನ್ನೇ ಮತ್ತೆ ಸೇರಿಸಿದೆವು. ಬೆಳಿಗ್ಗೆ ಆಸ್ಪತ್ರೆಗೆ ಹೋಗುವವರಿಗೆ ಅದರಿಂದ ಏನೂ ಆಗಲಿಲ್ಲ.

ಸೈಕಲ್ ವಿಷಯದಲ್ಲಿ ಪೂರ್ತಿ ತಪ್ಪು ನನ್ನದೇ. ಲೆಕ್ಕ ಸುಲಭ: ಹತ್ತು ನಿಮಿಷದಲ್ಲಿ ನಡೆದರೆ 800 ಮೀಟರ್, ಸೈಕಲ್‌ನಲ್ಲಿ ಎರಡೂವರೆ ಕಿಲೋಮೀಟರ್. ದೂರ ಮೂರು ಪಟ್ಟು ಅಂದರೆ ಸ್ಟೇಷನ್‌ಗೆ ಸಿಗುವ ಪ್ರದೇಶ ಒಂಬತ್ತು ಪಟ್ಟು. ಖುಷಿಯಲ್ಲಿ ಅಗ್ಗದ ಸ್ಟ್ಯಾಂಡ್ ತರಿಸಿದೆ, ಮುಂದಿನ ಚಕ್ರವನ್ನಷ್ಟೇ ಸಿಕ್ಕಿಸುವಂಥದ್ದು. ಹಿಂಬದಿಯ ಗೋಡೆ ಪಕ್ಕ ಹಾಕಿಸಿದೆ. ಮೂರು ತಿಂಗಳು ಖಾಲಿ. ಜನ ಬಾಗಿಲ ಎದುರಿನ ಕಂಬಕ್ಕೇ ಸೈಕಲ್ ಕಟ್ಟುತ್ತಿದ್ದರು. ಚಕ್ರ ಮಾತ್ರ ಲಾಕ್ ಮಾಡಿದರೆ ಉಳಿದ ಸೈಕಲ್ ಹೋಗುತ್ತದೆ ಅನ್ನುವುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ನೆದರ್ಲೆಂಡ್ಸ್‌ನ ಉಟ್ರೆಕ್ಟ್ ಸ್ಟೇಷನ್‌ನಲ್ಲಿ 12,500 ಸೈಕಲ್ ನಿಲ್ಲುವ ಜಾಗ 2019ರಲ್ಲಿ ಪೂರ್ತಿಯಾಯಿತು. ನಮಗೆ ಬೇಕಿದ್ದದ್ದು ಅರವತ್ತು. ಆದರೂ ಅಲ್ಲಿಂದ ಒಂದು ವಿಷಯ ಕದ್ದೆ: ಅಲ್ಲಿ ತುಳಿದುಕೊಂಡೇ ಸ್ಟ್ಯಾಂಡ್‌ವರೆಗೆ ಹೋಗಬಹುದು. ಬಾಗಿಲ ಪಕ್ಕದಲ್ಲಿದ್ದ ಆರು ಕಾರುಗಳ ಜಾಗ ಕೇಳಿ ಪಡೆದೆ. ಒಂದು ಕಾರಿನ ಜಾಗದಲ್ಲಿ ಹತ್ತು ಸೈಕಲ್ ನಿಲ್ಲುತ್ತವೆ. ನೆಲಕ್ಕೆ ಹೂತ, ತಲೆಕೆಳಗಾದ ಯು ಆಕಾರದ ಪೈಪು ಹಾಕಿಸಿದೆವು, ಫ್ರೇಮು ಚಕ್ರ ಎರಡನ್ನೂ ಸೇರಿಸಿ ಬೀಗ ಹಾಕಬಹುದು. ಟಿಕೆಟ್ ಕೌಂಟರಿನಲ್ಲಿ ಕೂತವರಿಗೆ ನೇರ ಕಾಣುತ್ತದೆ. ಎರಡು ವಾರದಲ್ಲಿ ತುಂಬಿತು.

ಕಾಲುದಾರಿಗೆ ವಾಪಸ್ ಬರುತ್ತೇನೆ. ಹಗಲು ಎಲ್ಲರೂ ಬರುತ್ತಿದ್ದರು. ಕತ್ತಲಾದ ಮೇಲೆ ಹೆಂಗಸರ ಸಂಖ್ಯೆ ಅರ್ಧಕ್ಕಿಂತ ಕಡಿಮೆ. ದೀಪ ಇತ್ತಲ್ಲ? ಹೋಗಿ ನೋಡಿದರೆ ಕಂಬ ಮರದ ಕೊಂಬೆಗಳಿಗಿಂತ ಎತ್ತರ. ಬೆಳಕೆಲ್ಲ ಎಲೆಗಳ ಮೇಲೆ, ದಾರಿ ಕತ್ತಲು. ಕೊಂಬೆಗಳ ಕೆಳಗೆ ಬರುವ ಹಾಗೆ ಗಿಡ್ಡ ಕಂಬ ಹಾಕಿಸಿದ ಮೇಲೆ ಬರತೊಡಗಿದರು.

ಗೇಟಿಗೆ ಈಗ ಹೊಸ ಬೀಗ ಇದೆ. ರಾತ್ರಿ ಒಂಬತ್ತಕ್ಕೆ ಹಾಕುತ್ತಾರೆ. ಕೊನೆಯ ರೈಲು ಬರುವುದು 11ಕ್ಕೆ. ಎರಡು ಪತ್ರ ಬರೆದಿದ್ದೇನೆ, ಮೂರನೆಯದು ಮೇಜಿನ ಮೇಲಿದೆ. ಪಕ್ಕದ ಬೇಲಿಯಲ್ಲಿ ನೇರ ಮಾಡಿಸಿದ್ದ ಸರಳುಗಳು ಮೊನ್ನೆ ನೋಡಿದರೆ ಮತ್ತೆ ಬಾಗಿವೆ.