ಕರೆಂಟ್ ಕಾಫಿ ಮೇಕರ್‌ನಲ್ಲಿ ಅಪ್ಪನಿಗೆ ಬೇಕಾದ ಡಿಕಾಕ್ಷನ್

ಅಪ್ಪನಿಗೆ ಬೆಳಿಗ್ಗೆ ಐದಕ್ಕೆ ಕಾಫಿ ಬೇಕು. ಐದೂಕಾಲಾದರೆ ತಡವಾದಂತೆ. ಅಮ್ಮ ಇರುವವರೆಗೆ ರಾತ್ರಿಯೇ ಹಿತ್ತಾಳೆ ಫಿಲ್ಟರ್‌ಗೆ ಪುಡಿ ಹಾಕಿ, ಕುದಿಯುವ ನೀರು ಸುರಿದು ಮಲಗುತ್ತಿದ್ದರು. ಅಮ್ಮ ಹೋದ ಮೇಲೆ ಆ ಕೆಲಸವನ್ನು ಅಪ್ಪನೇ ಮಾಡತೊಡಗಿದರು. ಎರಡು ವರ್ಷದ ಹಿಂದೆ ಒಂದು ರಾತ್ರಿ ಕೈ ನಡುಗಿ ಬಿಸಿನೀರು ಮಣಿಕಟ್ಟಿನ ಮೇಲೆ ಬಿತ್ತು. ಗುಳ್ಳೆ ಎದ್ದು, ಗಾಯ ಮಾಯಲು ಮೂರು ವಾರ ಹಿಡಿಯಿತು.

ನಾವು ಇರುವುದು ಮೈಸೂರಿನಲ್ಲಿ. ಅಪ್ಪ ಕೆಳಗಿನ ಮನೆಯಲ್ಲಿ, ನಾವು ಮಹಡಿಯಲ್ಲಿ. ದಿನಾ ಐದಕ್ಕೆ ಇಳಿದು ಬಂದು ಕಾಫಿ ಮಾಡಿಕೊಡುತ್ತೇನೆ ಎಂದರೆ ಅವರು ಒಪ್ಪಲಿಲ್ಲ. ಹಾಗಾಗಿ ಒಂದು ಸಾಧಾರಣ ಡ್ರಿಪ್ ಕಾಫಿ ಮೇಕರ್ ತಂದೆ. ಹಿಂದೆ ನೀರಿನ ತೊಟ್ಟಿ, ಮೇಲೆ ಪುಡಿ ಹಾಕುವ ಬುಟ್ಟಿ, ಕೆಳಗೆ ಗಾಜಿನ ಜಗ್, ಅದರಡಿ ಬಿಸಿ ತಟ್ಟೆ. ತಣ್ಣೀರು ಹಾಕಿ ಸ್ವಿಚ್ ಒತ್ತಿದರೆ ಸಾಕು. ಕುದಿಯುವ ನೀರಿನ ಪಾತ್ರೆ ಎತ್ತುವ ಕೆಲಸವಿಲ್ಲ. ನನಗೆ ಬೇಕಾಗಿದ್ದುದು ಅಷ್ಟೇ.

ಮೊದಲ ದಿನ ಮನೆಯಲ್ಲಿದ್ದ ಫಿಲ್ಟರ್ ಪುಡಿಯನ್ನೇ ಹಾಕಿದೆ. ಎಪ್ಪತ್ತು ಪಾಲು ಕಾಫಿ, ಮೂವತ್ತು ಪಾಲು ಚಿಕೋರಿ, ನುಣ್ಣಗೆ ಬೀಸಿದ್ದು. ಎರಡು ನಿಮಿಷಕ್ಕೆ ಬುಟ್ಟಿ ತುಂಬಿ ಉಕ್ಕಿತು. ನೀರು ಪುಡಿಯನ್ನೂ ಎಳೆದುಕೊಂಡು ಅಂಚಿನಿಂದ ಜಗ್‌ಗೆ ಇಳಿಯಿತು, ಕಟ್ಟೆಯ ಮೇಲೆಲ್ಲ ಕಪ್ಪು ಗಸಿ. ಮಾರನೇ ದಿನ ಪುಡಿ ಅರ್ಧ ಮಾಡಿದೆ. ಉಕ್ಕಲಿಲ್ಲ, ನಿಜ. ಅಪ್ಪ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಇದು ಕಾಫಿಯಲ್ಲಮ್ಮ, ಕಲಗಚ್ಚು."

ಅವರು ಹೇಳಿದ್ದು ಸರಿಯಾಗಿತ್ತು. ಮೆಷಿನ್ ಕೆಟ್ಟದ್ದು ಎಂದು ಮೂಲೆಗೆ ಸೇರಿಸಬಹುದಿತ್ತು. ಆದರೆ ಅಪ್ಪ ಮತ್ತೆ ಬಿಸಿನೀರಿನ ಪಾತ್ರೆ ಎತ್ತುತ್ತಾರೆ ಅಲ್ವಾ? ಅದಕ್ಕೇ ಇದು ಹೇಗೆ ಕೆಲಸ ಮಾಡುತ್ತದೆ ಎಂದು ಕೂತು ನೋಡಿದೆ.

ಇದರೊಳಗೆ ಮೋಟಾರ್ ಇಲ್ಲ. ತಳದಲ್ಲಿ ಒಂದು ಬಿಸಿ ಕೊಳವೆ ಇದೆ. ತೊಟ್ಟಿಯ ನೀರು ಅದರೊಳಗೆ ಇಳಿದು ಕುದಿಯುತ್ತದೆ. ಎದ್ದ ಆವಿ ನೀರನ್ನು ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ತಳ್ಳುತ್ತದೆ. ನೀರು ತೊಟ್ಟಿಗೆ ವಾಪಸ್ ಹೋಗದಂತೆ ಒಂದು ಪುಟ್ಟ ವಾಲ್ವ್ ತಡೆಯುತ್ತದೆ. ಆ ಗುರುಗುರು ಸದ್ದು ಇದರದ್ದೇ. ಗಡಿಯಾರ ಇಟ್ಟು ನೋಡಿದೆ. 300 ಮಿಲಿಲೀಟರ್ ನೀರು ಮೇಲೆ ಬರಲು ಸುಮಾರು ಮೂರು ನಿಮಿಷ. ನೀರು ಬರುವ ವೇಗ ನಮ್ಮ ಕೈಯಲ್ಲಿಲ್ಲ.

ಸಮಸ್ಯೆ ಇದ್ದದ್ದೇ ಇಲ್ಲಿ. ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರ್‌ನಲ್ಲಿ ನೀರು ಪುಡಿಯ ಮೇಲೆ ಅರ್ಧ ಗಂಟೆ ಕೂತು, ತೊಟ್ಟು ತೊಟ್ಟಾಗಿ ಇಳಿಯುತ್ತದೆ. ನುಣ್ಣನೆ ಪುಡಿ, ನೀರು ಹಿಡಿದು ಊದುವ ಚಿಕೋರಿ, ಎರಡೂ ಆ ನಿಧಾನಕ್ಕೆ ತಕ್ಕವು. ಮೆಷಿನ್‌ಗೆ ಅಷ್ಟು ಪುರುಸೊತ್ತಿಲ್ಲ. ಮೂರು ನಿಮಿಷದಲ್ಲಿ ಬರುವ ನೀರನ್ನು ಪುಡಿ ಅದೇ ವೇಗದಲ್ಲಿ ಕೆಳಗೆ ಬಿಡಬೇಕು. ಇಲ್ಲದಿದ್ದರೆ ಉಕ್ಕುತ್ತದೆ. ಬೇರೆ ಪುಡಿ ಬೇಕು ಅನ್ನುವುದು ಅಲ್ಲಿಗೆ ಖಾತ್ರಿಯಾಯಿತು.

ಮನೆಯ ಮಿಕ್ಸಿಯಲ್ಲಿ ಬೀಜ ಪುಡಿ ಮಾಡಿ ನೋಡಿದೆ. ಅರ್ಧ ತರಿ, ಅರ್ಧ ಹಿಟ್ಟು. ಜರಡಿ ಹಿಡಿದರೆ ಹಿಟ್ಟೇ ಜಾಸ್ತಿ ವ್ಯರ್ಥ. ಕೊನೆಗೆ ನಾವು ಯಾವಾಗಲೂ ಪುಡಿ ತರುವ ಅಂಗಡಿಯವರನ್ನೇ ಕೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಬೀಸುವ ಮೆಷಿನ್ನಿನ ಚಕ್ರ ಸ್ವಲ್ಪ ತಿರುಗಿಸಿ, ಒಂದು ಹಿಡಿ ಪುಡಿ ಕಾಗದದ ಮೇಲೆ ಸುರಿದು, "ಇಷ್ಟು ಸಾಕಾ ನೋಡಿ ಅಕ್ಕಾ" ಎಂದರು. ಮೂರು ಸಲ ಬೇರೆ ಬೇರೆ ಮಾಡಿಸಿದ ಮೇಲೆ ಅಳತೆ ಸಿಕ್ಕಿತು: ಚಿರೋಟಿ ರವೆಗಿಂತ ದಪ್ಪ, ಉಪ್ಪಿಟ್ಟಿನ ರವೆಗಿಂತ ಸಣ್ಣ. ಬೆರಳುಗಳ ನಡುವೆ ಉಜ್ಜಿದರೆ ತರಿತರಿ ಅನ್ನಬೇಕು, ಬೆರಳಿಗೆ ಮೆತ್ತಿಕೊಳ್ಳಬಾರದು. ನಿಮ್ಮ ಅಂಗಡಿಯಲ್ಲೂ ಹೀಗೇ ಹೇಳಿ. "ಡ್ರಿಪ್‌ಗೆ ಬೇಕು" ಎಂದರೆ ಎಲ್ಲರಿಗೂ ತಿಳಿಯುವುದಿಲ್ಲ. ರವೆ ಎಲ್ಲರಿಗೂ ಗೊತ್ತು.

ಚಿಕೋರಿ ಬಿಡುವುದು ಕಷ್ಟವಾಯಿತು. ಅಪ್ಪನ ನಾಲಿಗೆ ಅದಕ್ಕೆ ಒಗ್ಗಿದೆ. ಡಿಕಾಕ್ಷನ್‌ಗೆ ಬಣ್ಣ ಮತ್ತು ಮಂದ ಕೊಡುವುದು ಅದೇ. ಮೊದಲು ಪೂರ್ತಿ ಬಿಟ್ಟು ಪ್ಲಾಂಟೇಶನ್ ಎ ಮತ್ತು ಪೀಬೆರಿ ಎಂಬ ಬೀಜಗಳನ್ನು ಸಮಸಮ ಹಾಕಿಸಿದೆ. ನಾನು ತಂದ ಎರಡೂ ಅರೇಬಿಕಾ ಜಾತಿಯವು. ಘಮ ಮನೆ ತುಂಬಿತು. ಆದರೆ ಹಾಲು ಬೆರೆಸಿದ ಕೂಡಲೇ ಕಾಫಿ ಕಳೆದುಹೋಯಿತು. ಆಗ ರೋಬಸ್ಟಾ ಎಂಬ ಇನ್ನೊಂದು ಜಾತಿಯ ಬೀಜ ಸೇರಿಸಿದೆ. ನಮ್ಮ ಕೊಡಗಿನಲ್ಲಿ ಧಾರಾಳವಾಗಿ ಬೆಳೆಯುವ ಇದನ್ನು ಕೆಲವರು ಕೀಳು ಬೀಜ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹಾಲಿನ ಕಾಫಿಗೆ ಬೆನ್ನೆಲುಬು ಕೊಡುವುದೇ ರೋಬಸ್ಟಾ. ಈಗ ನಮ್ಮ ಪುಡಿಯಲ್ಲಿ ಅರವತ್ತು ಪಾಲು ಅರೇಬಿಕಾ, ಮೂವತ್ತು ಪಾಲು ರೋಬಸ್ಟಾ, ಹತ್ತು ಪಾಲು ಚಿಕೋರಿ. ಚಿಕೋರಿ ಹತ್ತರವರೆಗೆ ಮೆಷಿನ್ ತಡೆಯುತ್ತದೆ. ಇಪ್ಪತ್ತಕ್ಕೆ ಹೋದಾಗ ಬುಟ್ಟಿಯಲ್ಲಿ ಮತ್ತೆ ನೀರು ನಿಲ್ಲತೊಡಗಿತು. ಪ್ಯಾಕೆಟ್ ಪುಡಿ ತರುವವರು ಹಿಂದಿನ ಚೀಟಿ ಓದಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು ಎಂಬುದು ನಿಯಮ. ಅಂದರೆ ಶೇ. 49ರವರೆಗೆ ಚಿಕೋರಿಯೇ ಇರಬಹುದು. ಅಂಥ ಪುಡಿ ಈ ಮೆಷಿನ್‌ಗೆ ಖಂಡಿತ ಆಗದು.

ಇನ್ನು ಅಳತೆ. ಮೆಷಿನ್ ಜಗ್ ಮೇಲೆ 2, 4, 6 ಎಂದು ಗೆರೆಗಳಿರುತ್ತವೆ. ಅವು ಕರಿ ಕಾಫಿಯ ಕಪ್‌ಗಳು. ಲೀಟರ್ ನೀರಿಗೆ 55ರಿಂದ 60 ಗ್ರಾಂ ಪುಡಿ ಎನ್ನುವುದು ಹೊರದೇಶಗಳ ಸಾಮಾನ್ಯ ಲೆಕ್ಕ. ಹಾಲಿಲ್ಲದೆ ಕುಡಿಯಲು ಅದು ಚೆನ್ನಾಗಿದೆ. ಆ ಕಾಫಿಗೆ ಅರ್ಧ ಲೋಟ ಹಾಲು ಬೆರೆಸಿದರೆ ಕಲಗಚ್ಚೇ ಆಗುತ್ತದೆ. ನಮಗೆ ಬೇಕಾಗಿರುವುದು ಡಿಕಾಕ್ಷನ್. ನಾನು 300 ಮಿಲಿ ನೀರಿಗೆ 40 ಗ್ರಾಂ ಪುಡಿ ಹಾಕುತ್ತೇನೆ. ಒಂದು ಗ್ರಾಂ ಪುಡಿ ಸುಮಾರು ಎರಡು ಮಿಲಿ ನೀರನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಕೆಳಗೆ ಬರುವುದು 220 ಮಿಲಿಯಷ್ಟು. ಒಂದು ಲೋಟಕ್ಕೆ 50 ಮಿಲಿ ಡಿಕಾಕ್ಷನ್, 80 ಮಿಲಿ ಹಾಲು. ನಾಲ್ಕು ಲೋಟ ಆಗುತ್ತದೆ. ಅಪ್ಪನಿಗೆ ಐದಕ್ಕೆ ಒಂದು, ಏಳಕ್ಕೆ ಒಂದು, ಉಳಿದದ್ದು ನಮಗೆ.

ಪುಡಿ ಜಾಸ್ತಿ ಖರ್ಚಾಗುತ್ತದೆ ಎಂದು ನಾನೂ ಮೊದಲು ಹಿಂಜರಿದೆ. 25 ಗ್ರಾಂ ಹಾಕಿ, ಇಳಿದ ಡಿಕಾಕ್ಷನ್ನನ್ನೇ ಅದೇ ಪುಡಿಯ ಮೇಲೆ ಇನ್ನೊಮ್ಮೆ ಸುರಿದು ನೋಡಿದೆ. ಗಟ್ಟಿಯಾಗಲಿಲ್ಲ, ಕಹಿಯಾಯಿತು. ಗಟ್ಟಿ ಬೇರೆ, ಕಹಿ ಬೇರೆ. ಗಟ್ಟಿತನ ಬರುವುದು ಪುಡಿ ಜಾಸ್ತಿ, ನೀರು ಕಡಿಮೆ ಆದಾಗ. ಕಹಿ ಮತ್ತು ಒಗರು ಬರುವುದು ಇದ್ದ ಪುಡಿಯನ್ನೇ ಹಿಂಡಿದಾಗ. ಎರಡನೇ ಡಿಕಾಕ್ಷನ್ ಹೇಗಿರುತ್ತದೆ ಎಂದು ಕಾಫಿ ಮನೆಯವರಿಗೆಲ್ಲ ಗೊತ್ತೇ ಇದೆ. ಒಂದು ಎಚ್ಚರಿಕೆ: ಡಿಕಾಕ್ಷನ್ನನ್ನಾಗಲಿ ಹಾಲನ್ನಾಗಲಿ ತೊಟ್ಟಿಗೆ ಯಾವತ್ತೂ ಹಾಕಬೇಡಿ. ಕೊಳವೆಯಲ್ಲಿ ಸೀದು ಕೂತರೆ ತೆಗೆಯಲು ದಾರಿಯಿಲ್ಲ.

ಪುಡಿ, ಅಳತೆ ಸರಿಹೋದ ಮೇಲೂ ರುಚಿ ದಿನಕ್ಕೊಂದು ರೀತಿ ಇತ್ತು. ಒಂದು ದಿನ ಕಾಫಿ ಇಳಿದ ಮೇಲೆ ಬುಟ್ಟಿ ತೆಗೆದು ಪುಡಿಯನ್ನು ಚಮಚದಲ್ಲಿ ಕೆದಕಿದೆ. ನಡುವೆ ಗುಂಡಿ ಬಿದ್ದಿತ್ತು. ಅಂಚಿನ ಪುಡಿ ಒಳಗೆ ಇನ್ನೂ ಒಣಗಿದ ಹಾಗೇ ಇತ್ತು! ಈ ಮೆಷಿನ್‌ನಲ್ಲಿ ನೀರು ಬೀಳುವುದು ಒಂದೇ ಕಡೆ. ನಡುವಿನ ಪುಡಿ ಪೂರ್ತಿ ಹಿಂಡಿಹೋಗುತ್ತದೆ, ಅಂಚಿನ ಪುಡಿ ಸುಮ್ನೆ ಕೂತಿರುತ್ತದೆ. ಹಾಗಾಗಿ ಒಂದೇ ಲೋಟದಲ್ಲಿ ಕಹಿಯೂ ಇತ್ತು, ನೀರುನೀರೂ ಇತ್ತು.

ನನ್ನ ಕಾಫಿಯನ್ನು ಎಲ್ಲಕ್ಕಿಂತ ಹೆಚ್ಚು ಬದಲಾಯಿಸಿದ್ದು ಇದಕ್ಕೆ ಮಾಡಿದ ಉಪಾಯ. ಪುಡಿ ಹಾಕಿದ ಮೇಲೆ ಬುಟ್ಟಿಯನ್ನು ಮೆಲ್ಲಗೆ ತಟ್ಟಿ ಮಟ್ಟ ಮಾಡುತ್ತೇನೆ. ಒತ್ತುವುದಿಲ್ಲ. ಸ್ವಿಚ್ ಹಾಕಿ, ಪುಡಿಯೆಲ್ಲ ನೆನೆಯುವಷ್ಟು ನೀರು ಬಿದ್ದ ಕೂಡಲೇ ಆರಿಸುತ್ತೇನೆ. ನನ್ನ ಮೆಷಿನ್‌ನಲ್ಲಿ ಅದು ಗುರುಗುರು ಶುರುವಾಗಿ ನಲವತ್ತು ಸೆಕೆಂಡ್. ಮುಚ್ಚಳ ತೆರೆದು ಉದ್ದ ಚಮಚದ ಹಿಡಿಯಿಂದ ಅಂಚಿನ ಪುಡಿಯನ್ನು ಒಳಕ್ಕೆ ಎಳೆದು ಒಮ್ಮೆ ಕಲಕುತ್ತೇನೆ. ಹೊಸದಾಗಿ ಹುರಿದ ಪುಡಿಯಾದರೆ ಆಗ ಅದು ಉಬ್ಬಿ ಗುಳ್ಳೆ ಬಿಡುತ್ತದೆ. ಹುರಿದಾಗ ಬೀಜದೊಳಗೆ ಹುಟ್ಟಿದ ಅನಿಲ ಹೊರಬರುವುದು ಹಾಗೆ. ಅದು ಹೋದ ಮೇಲೇ ನೀರು ಪುಡಿಯೊಳಗೆ ಸರಿಯಾಗಿ ಇಳಿಯುವುದು. ಒಂದು ನಿಮಿಷ ಬಿಟ್ಟು ಮತ್ತೆ ಸ್ವಿಚ್. ಉಬ್ಬಲೇ ಇಲ್ಲವೆಂದರೆ ಪುಡಿ ಹಳೆಯದು ಎಂದು ತಿಳಿಯಿರಿ. ಈ ಕಾರಣಕ್ಕೇ ನಾನು ಈಗ ಒಂದು ಸಲಕ್ಕೆ ಒಂದು ವಾರಕ್ಕೆ ಬೇಕಾಗುವುದಕ್ಕಿಂತ ಜಾಸ್ತಿ ತರುವುದಿಲ್ಲ.

ಬಿಸಿಯ ಬಗ್ಗೆಯೂ ಹೇಳಬೇಕು. ಕಾಫಿ ಚೆನ್ನಾಗಿ ಇಳಿಯಲು ನೀರು 90ರಿಂದ 96 ಡಿಗ್ರಿ ಇರಬೇಕು ಎನ್ನುತ್ತಾರೆ. ಅಡುಗೆಯ ಥರ್ಮಾಮೀಟರ್ ಬುಟ್ಟಿಯೊಳಗೆ ಇಟ್ಟು ನೋಡಿದೆ. ಚಳಿಗಾಲದ ಬೆಳಿಗ್ಗೆ ಮೊದಲು ಬಿದ್ದ ನೀರು 80ರ ಆಸುಪಾಸು, ಕೊನೆಗೆ ಬಿದ್ದದ್ದು 92. ಕಡಿಮೆ ನೀರಿಗೆ ಓಡಿಸುವಾಗ ಇದು ದೊಡ್ಡ ವ್ಯತ್ಯಾಸ. ಕೊಳವೆ, ಬುಟ್ಟಿ ಕಾಯುವ ಹೊತ್ತಿಗೆ ಅರ್ಧ ನೀರು ಮುಗಿದಿರುತ್ತದೆ. ಹಾಗಾಗಿ ಪುಡಿ ಹಾಕದೆ ಮೊದಲು ಒಂದು ಲೋಟ ಬರೀ ನೀರು ಓಡಿಸುತ್ತೇನೆ. ಆ ಬಿಸಿನೀರಲ್ಲೇ ಲೋಟ, ಫ್ಲಾಸ್ಕ್ ತೊಳೆದು ಬೆಚ್ಚಗೆ ಮಾಡಿಕೊಳ್ಳುವುದು. ತೊಟ್ಟಿಗೆ ಮಾತ್ರ ಬಿಸಿನೀರು ಹಾಕುವುದಿಲ್ಲ. ಬಿಸಿನೀರು ಎತ್ತಿ ಸುರಿಯಬಾರದು ಎಂದೇ ಅಲ್ಲವೇ ಈ ಮೆಷಿನ್ ತಂದದ್ದು.

ಫಿಲ್ಟರ್ ಕಾಗದ ಬೇಕೇ ಎಂದು ತುಂಬಾ ಜನ ಕೇಳುತ್ತಾರೆ. ಕಾಗದದಲ್ಲಿ ಕಾಫಿ ಸೋಸುವುದನ್ನು 1908ರಲ್ಲಿ ಶುರುಮಾಡಿದ್ದು ಜರ್ಮನಿಯ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿ. ಮಗನ ಪುಸ್ತಕದ ಮಸಿ ಹೀರುವ ಕಾಗದದಲ್ಲಿ ಮೊದಲು ಪ್ರಯೋಗ ಮಾಡಿದರಂತೆ. ಅವರಿಗೆ ಗಸಿ ಇಲ್ಲದ, ತಿಳಿಯಾದ ಕಾಫಿ ಬೇಕಿತ್ತು. ನಮ್ಮ ಹಾಲಿನ ಕಾಫಿಗೆ ಅಷ್ಟು ತಿಳಿ ಬೇಡ. ಕಾಗದ ಕಾಫಿಯ ಎಣ್ಣೆಯನ್ನೂ ಹಿಡಿದುಕೊಳ್ಳುತ್ತದೆ, ಡಿಕಾಕ್ಷನ್ ತೆಳ್ಳಗೆ ಅನ್ನಿಸುತ್ತದೆ. ಮೆಷಿನ್ ಜೊತೆ ಬರುವ ನೈಲಾನ್ ಜಾಲರಿಯೇ ನನಗೆ ಇಷ್ಟ.

ಇಳಿದ ಡಿಕಾಕ್ಷನ್ ಬಿಸಿ ತಟ್ಟೆಯ ಮೇಲೆ ಇರಬಾರದು. ಅರ್ಧ ಗಂಟೆಯಲ್ಲಿ ಘಮ ಹೋಗಿ ಕಟುವಾಗುತ್ತದೆ. ಅಪ್ಪ ತಕ್ಷಣ ಚಿಕ್ಕ ಫ್ಲಾಸ್ಕ್‌ಗೆ ಬಗ್ಗಿಸಿ ಸ್ವಿಚ್ ಆರಿಸುತ್ತಾರೆ. ಜಗ್‌ನಲ್ಲಿ ಇರುವುದು ಕಾಲು ಲೀಟರ್‌ಗಿಂತ ಕಡಿಮೆ, ಕೈಗೆ ಭಾರವಿಲ್ಲ. ಹಳೆಯ ಫಿಲ್ಟರ್‌ಗಿಂತ ಇದರಲ್ಲಿ ಒಂದು ಲಾಭ ನಿಜವಾಗಿಯೂ ಇದೆ: ಡಿಕಾಕ್ಷನ್ ಬಿಸಿಬಿಸಿಯಾಗಿಯೇ ಸಿಗುತ್ತದೆ. ಆರಿದ್ದನ್ನು ಮತ್ತೆ ಕಾಯಿಸಿ ಹಾಳು ಮಾಡುವ ಪ್ರಸಂಗವೇ ಬರುವುದಿಲ್ಲ.

ನೀರು ನಮ್ಮಲ್ಲಿ ಎರಡು ತರಹ. ನಲ್ಲಿಯದು ಹೊಳೆ ನೀರು, ಇನ್ನೊಂದು ಬೋರ್‌ವೆಲ್. ಮೊದಲ ಆರು ತಿಂಗಳು ಯಾವುದು ಸಿಕ್ಕಿತೋ ಅದನ್ನು ಹಾಕಿದ್ದೆವು. ಮೂರು ನಿಮಿಷದ ಕೆಲಸಕ್ಕೆ ಐದು ನಿಮಿಷ ಆಗತೊಡಗಿತು. ವೋಲ್ಟೇಜ್ ಕಡಿಮೆ ಇರಬೇಕು ಎಂದುಕೊಂಡೆ. ಅಲ್ಲ, ಬೋರ್ ನೀರಿನ ಸುಣ್ಣ ಕೊಳವೆಯಲ್ಲಿ ಕಟ್ಟಿತ್ತು. ಅರ್ಧ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ, ಅರ್ಧ ಓಡಿಸಿ ಆರಿಸಿದೆ. ಇಪ್ಪತ್ತು ನಿಮಿಷ ಬಿಟ್ಟು ಉಳಿದದ್ದನ್ನು ಓಡಿಸಿದೆ. ಆಮೇಲೆ ಎರಡು ಸಲ ಬರೀ ನೀರು. ಬಿಳಿ ಚೂರುಗಳು ಉದುರಿ ಬಂದವು. ಈಗ ನಲ್ಲಿ ನೀರನ್ನು ಸೋಸಿ ಬಳಸುತ್ತೇವೆ, ಎರಡು ತಿಂಗಳಿಗೊಮ್ಮೆ ನಿಂಬೆ ಉಪ್ಪು ಹಾಕುತ್ತೇವೆ. ಜಾಲರಿಯನ್ನು ವಾರಕ್ಕೊಮ್ಮೆ ಬಿಸಿನೀರು, ಅಡುಗೆ ಸೋಡಾದಲ್ಲಿ ನೆನೆಸಬೇಕು. ಹಳೆ ಕಾಫಿ ಎಣ್ಣೆಯ ಕಮಟು ವಾಸನೆ ಹೊಸ ಕಾಫಿಗೂ ಹತ್ತುತ್ತದೆ.

ಅಪ್ಪನಿಗೆ ಇದೆಲ್ಲ ಸುಲಭವಾಗಲಿ ಎಂದು ತೊಟ್ಟಿಯ ಮೇಲೆ ಕೆಂಪು ಉಗುರು ಬಣ್ಣದಲ್ಲಿ 300ರ ಗೆರೆ ಎಳೆದಿದ್ದೇನೆ. ಭಾನುವಾರ ಸಂಜೆ ತಕ್ಕಡಿ ಇಟ್ಟುಕೊಂಡು ಏಳು ಪುಟ್ಟ ಡಬ್ಬಿಗಳಿಗೆ ನಲವತ್ತು ನಲವತ್ತು ಗ್ರಾಂ ತುಂಬಿ ಬಿಗಿಯಾಗಿ ಮುಚ್ಚುತ್ತೇನೆ. ರಾತ್ರಿಯೇ ಬುಟ್ಟಿಗೆ ಹಾಕಿಟ್ಟರೆ ಬೆಳಿಗ್ಗೆಗೆ ಘಮ ಅರ್ಧ ಹೋಗಿರುತ್ತದೆ, ಅದನ್ನೂ ಮಾಡಿ ನೋಡಿದ್ದೇವೆ. ಅಪ್ಪ ನಡುವೆ ಸ್ವಿಚ್ ಆರಿಸಿ ಕಲಕುವುದನ್ನು ಎರಡೇ ದಿನದಲ್ಲಿ ಕಲಿತರು. ಗಡಿಯಾರ ನೋಡುವುದಿಲ್ಲ. ಆ ಒಂದು ನಿಮಿಷದಲ್ಲಿ ಹಾಲು ಒಲೆಗೆ ಇಡುತ್ತಾರೆ.

ಹತ್ತು ಜನ ಸೇರುವ ದಿನ ಈ ಮೆಷಿನ್ ಸಾಲದು. ಬುಟ್ಟಿಗೆ ಐವತ್ತು ಗ್ರಾಂಗಿಂತ ಜಾಸ್ತಿ ಹಿಡಿಸುವುದಿಲ್ಲ, ಮೂರು ಸಲ ಓಡಿಸುತ್ತಾ ಕೂರಬೇಕು. ಆ ದಿನ ಅಟ್ಟದಿಂದ ಅಮ್ಮನ ಹಿತ್ತಾಳೆ ಫಿಲ್ಟರ್ ಇಳಿಸುತ್ತೇವೆ. ಹೋದ ಯುಗಾದಿಗೆ ಅದಕ್ಕೆ ಕಲಾಯಿ ಹಾಕಿಸಿದೆ. ಅದಕ್ಕೆ ಬೇರೆ ಪುಡಿ, ನುಣ್ಣನೆಯದು, ಮೂವತ್ತು ಪಾಲು ಚಿಕೋರಿಯದು. ಅಪ್ಪ ಪುಡಿ ಹಾಕಿ, ಅದನ್ನು ಒತ್ತುವ ಹಿಡಿಯಿರುವ ತೂತಿನ ಬಿಲ್ಲೆ, ಅಂದರೆ ಛತ್ರಿ ಇಡುತ್ತಾರೆ, ಬಿಸಿನೀರು ನಾನು ಸುರಿಯುತ್ತೇನೆ.