ಮಳೆಗಾಲದಲ್ಲೂ ತುಕ್ಕು ಹಿಡಿಯದ ಹೊಲಿಗೆ ಬೋರ್ಡು

ಮಡಿಕೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೂ ತೇವ. ಸೂಜಿ, ಗುಂಡುಪಿನ್ನು, ಹುಕ್ಕುಗಳಿಗೆ ತುಕ್ಕು, ಲೇಸಿಗೆ ಬೂಷ್ಟು. ಹೊಲಿಗೆ ಮೆಷಿನ್ ಇಟ್ಟ ಮೂಲೆಯಲ್ಲಿ ಬೀರು ಇಡಲು ಜಾಗವೂ ಇಲ್ಲ.

ಬಿಸ್ಕೆಟ್ ಡಬ್ಬ ಆಗಲಿಲ್ಲ, ಮುಚ್ಚಳದ ಸಂದಿಯಲ್ಲೇ ತೇವ ನುಗ್ಗುತ್ತದೆ. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಒಂದು ದಾರ ಬೇಕಾದರೆ ಎಲ್ಲವನ್ನೂ ಹೊರಗೆ ಸುರಿಯಬೇಕು. ಹೊರಗೋಡೆಗೆ ನೇತುಹಾಕಿದ ಬಟ್ಟೆ ಜೇಬುಗಳಂತೂ ಬೇಗ ಬೂಷ್ಟು ಹಿಡಿದವು.

ಕೊನೆಗೆ ಸರಿಹೋಗಿದ್ದು ಹೊಲಿಗೆ ಸಾಮಾನು ನೇತುಹಾಕುವ ಗೋಡೆಯ ಬೋರ್ಡು. ಮುಖ್ಯವಾದದ್ದು ಗೋಡೆಯ ಆಯ್ಕೆ: ಮಳೆ ಹೊಡೆಯುವ ಗೋಡೆ ಬೇಡವೇ ಬೇಡ, ಅಡುಗೆಮನೆ ಒಲೆಯ ಹಿಂದಿನ ಒಳಗೋಡೆಯ ಆಚೆ ಬದಿ (ಒಲೆ ಇರುವ ಬದಿಯಲ್ಲ) ಆದರೆ ಬೆಚ್ಚಗಿರುತ್ತದೆ. 12 ಮಿ.ಮೀ. ಪ್ಲೈವುಡ್, 2 ಅಡಿ ಅಗಲ, 3 ಅಡಿ ಎತ್ತರ. ಮೊದಲು ಎರಡೂ ಬದಿಗೆ ವಾರ್ನಿಷ್ ಹಚ್ಚಿ ಪೂರ್ತಿ ಒಣಗಿಸಿ, ಅಂಚುಗಳನ್ನು ಮರೆಯಬೇಡಿ, ಪ್ಲೈವುಡ್ ನೀರು ಕುಡಿಯುವುದೇ ಅಲ್ಲಿಂದ. ಆಮೇಲೆ ಎರಡೂವರೆ ಇಂಚಿನ ಮೊಳೆಗಳನ್ನು ಸ್ವಲ್ಪ ಮೇಲ್ಮುಖವಾಗಿ, 2 ಇಂಚು ಅಂತರದಲ್ಲಿ ಹೊಡೆಯಿರಿ. ಪ್ಲೈವುಡ್ ಸೀಳದಂತೆ ಮೊದಲೇ ಸಣ್ಣ ತೂತು ಕೊರೆದುಕೊಳ್ಳಿ. ಹಿಂದೆ ಒಂದಿಂಚು ದಪ್ಪದ ರೀಪು ಕೊಟ್ಟು ಗೋಡೆಗೆ ಸ್ಕ್ರೂ ಮಾಡಿ. ಈ ಸಂದಿಯಲ್ಲಿ ಗಾಳಿ ಆಡಬೇಕು, ಇದನ್ನು ಮಾತ್ರ ಬಿಡಬೇಡಿ.

ದಾರದ ರೀಲು ಮೇಲೆ, ಕತ್ತರಿ, ಟೇಪು ಕೆಳಗೆ. ಸೂಜಿ, ಪಿನ್ನು, ಬಾಬಿನ್ ಮಾತ್ರ ರಬ್ಬರ್ ವಾಷರ್ ಇರುವ ಸಣ್ಣ ಬಾಟಲಿಗಳಲ್ಲಿ, ಜೊತೆಗೆ ತೇವ ಹೀರುವ ನೀಲಿ ಸಿಲಿಕಾ ಜೆಲ್ ಹರಳಿನ ಪೊಟ್ಟಣ. ಅದು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ತುಂಬಿದೆ ಅಂತ ಅರ್ಥ, ಬದಲಾಯಿಸಿ. ಧೂಳಿಗೆ ಹಳೆ ಹತ್ತಿ ಸೀರೆಯ ಪರದೆ ಸಾಕು, ಪ್ಲಾಸ್ಟಿಕ್ ಹಾಕಿದರೆ ಒಳಗೇ ಬೆವರುತ್ತದೆ.